ಮೇಷ್ಟರಿಲ್ಲದ ಮಾತಿನ ಗರಡಿ

ಟೋಸ್ಟ್‌ಮಾಸ್ಟರ್ಸ್ ಸಂಸ್ಥೆಯ ಚರಿತ್ರೆಯನ್ನು ಹೇಳುವವರು 1924ರ ಅಕ್ಟೋಬರ್ 22ರಿಂದ ಆರಂಭಿಸುವುದು ವಾಡಿಕೆ. ಅಂದು ಕ್ಯಾಲಿಫೋರ್ನಿಯಾದ ಸ್ಯಾಂಟಾ ಆನಾ ಊರಿನ ವೈಎಂಸಿಎ ಕಟ್ಟಡದ ನೆಲಮಾಳಿಗೆಯಲ್ಲಿ ರಾಲ್ಫ್ ಸ್ಮೆಡ್ಲಿ ಕೆಲವರನ್ನು ಕೂಡಿಸಿ ಒಂದು ಕ್ಲಬ್ ನಡೆಸಿದರು. ಅಲ್ಲಿ ಸದಸ್ಯರು ಸರದಿಯ ಮೇಲೆ ಭಾಷಣ ಮಾಡಬೇಕು, ಒಬ್ಬರ ಭಾಷಣವನ್ನು ಇನ್ನೊಬ್ಬರು ತೂಗಿ ನೋಡಬೇಕು. ಶತಮಾನೋತ್ಸವದ ಲೆಕ್ಕಕ್ಕೆ ಆ ದಿನವೇ ಆಧಾರ. ಆದರೆ ಸ್ಮೆಡ್ಲಿಯ ಪ್ರಯೋಗ ಶುರುವಾದದ್ದು ಅದಕ್ಕೂ ಹತ್ತೊಂಬತ್ತು ವರ್ಷ ಮೊದಲು. 1905ರಲ್ಲಿ ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್ ಊರಿನ ವೈಎಂಸಿಎಯಲ್ಲಿ ಅವರು ಶಿಕ್ಷಣ ವಿಭಾಗ ನೋಡಿಕೊಳ್ಳುತ್ತಿದ್ದರು. ಅಲ್ಲಿಗೆ ಬರುತ್ತಿದ್ದ ಯುವಕರಿಗೆ ನಾಲ್ಕು ಜನರ ಮುಂದೆ ನಿಂತು ಮಾತಾಡಲು, ಒಂದು ಸಭೆಯನ್ನು ಕ್ರಮವಾಗಿ ನಡೆಸಲು ಬಾರದಿರುವುದನ್ನು ಗಮನಿಸಿ ಮೊದಲ ಕ್ಲಬ್ ಕಟ್ಟಿದರು. ಔತಣಕೂಟಗಳಲ್ಲಿ ಊಟದ ನಂತರದ ಭಾಷಣಕಾರರನ್ನು ಒಬ್ಬೊಬ್ಬರಾಗಿ ಕರೆಯುವ ನಿರೂಪಕನ ಹೆಸರನ್ನೇ ಅದಕ್ಕೆ ಇಟ್ಟರು. ಕ್ಲಬ್ ಚೆನ್ನಾಗಿಯೇ ನಡೆಯಿತು. ಆಮೇಲೆ ಅವರಿಗೆ ಬೇರೆ ಊರಿಗೆ ವರ್ಗವಾಯಿತು, ಕ್ಲಬ್ ಸೊರಗಿತು. ಫ್ರೀಪೋರ್ಟ್, ರಾಕ್ ಐಲೆಂಡ್, ಸ್ಯಾನ್ ಹೊಸೆ ಊರುಗಳಲ್ಲೂ ಇದೇ ಕಥೆ. ಸ್ಮೆಡ್ಲಿ ಇದ್ದಷ್ಟು ದಿನ ಕ್ಲಬ್ ಇರುತ್ತಿತ್ತು, ಅವರು ಹೊರಟ ಮೇಲೆ ಬಾಗಿಲು ಮುಚ್ಚುತ್ತಿತ್ತು. ಸಂಸ್ಥೆಯ ಸಾಧನೆಯ ಪಟ್ಟಿಗಿಂತ ಈ ಸೋಲಿನ ಸರಣಿಯೇ ಹೆಚ್ಚು ಪಾಠ ಹೇಳುತ್ತದೆ ಎಂದು ನನಗನ್ನಿಸುತ್ತದೆ. ಅದೇ ಮನುಷ್ಯ, ಅದೇ ಹೆಸರು, ಅದೇ ವೈಎಂಸಿಎ. ಹಾಗಿರುವಾಗ ಹಿಂದಿನವು ಬಾಳದೆ, ಸ್ಯಾಂಟಾ ಆನಾದ್ದು ಮಾತ್ರ ನೂರು ವರ್ಷ ಬಾಳಿದ್ದು ಹೇಗೆ?

ಉತ್ತರ ಹುಡುಕಲು ಆ ಕಾಲದ ಅಮೆರಿಕದಲ್ಲಿ ಭಾಷಣ ಕಲಿಯುವ ದಾರಿಗಳು ಯಾವುವಿದ್ದವು ಎಂದು ನೋಡಬೇಕು. ಹತ್ತೊಂಬತ್ತನೆಯ ಶತಮಾನದಿಂದ ಬಂದ ವಾಚನಕಲೆಯ ಶಾಲೆಗಳು ಒಂದು ಕಡೆ. ಅಲ್ಲಿ ಪ್ರಸಿದ್ಧ ಪಠ್ಯಗಳನ್ನು ಬಾಯಿಪಾಠ ಮಾಡಿಸಿ, ಯಾವ ಭಾವಕ್ಕೆ ಕೈ ಎಲ್ಲಿರಬೇಕು, ಕಣ್ಣು ಎತ್ತ ನೋಡಬೇಕು ಎಂದು ತಿದ್ದುತ್ತಿದ್ದರು. ಇನ್ನೊಂದು ಕಡೆ ಕಾಲೇಜುಗಳು. 1914ರಲ್ಲಿ ಅಲ್ಲಿನ ಭಾಷಣಕಲೆಯ ಅಧ್ಯಾಪಕರು ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿಕೊಂಡು ವಿಷಯವನ್ನು ಒಂದು ಶಾಸ್ತ್ರವಾಗಿ ಬೆಳೆಸಲು ಹೊರಟರು. ಮೂರನೆಯದು ಪೇಟೆಯ ದಾರಿ. 1912ರಲ್ಲಿ ಡೇಲ್ ಕಾರ್ನೆಗಿ ನ್ಯೂಯಾರ್ಕಿನ 125ನೇ ಬೀದಿಯ ವೈಎಂಸಿಎಯಲ್ಲಿ ರಾತ್ರಿ ತರಗತಿ ಆರಂಭಿಸಿದರು. ಅವರಿಗೆ ಸಂಬಳ ಕೊಡಲು ವೈಎಂಸಿಎ ಒಪ್ಪಲಿಲ್ಲ, ಬಂದ ಶುಲ್ಕದಲ್ಲಿ ಕಮಿಷನ್ ಮೇಲೆ ಪಾಠ ಮಾಡಿದರು. ಆ ತರಗತಿಯೇ ಮುಂದೆ ದೊಡ್ಡ ವ್ಯವಹಾರವಾಯಿತು. ಈ ಮೂರೂ ದಾರಿಗಳು ಒಂದಕ್ಕೊಂದು ಬಹಳ ಬೇರೆ. ಆದರೂ ಮೂರರಲ್ಲೂ ಬಲ್ಲವನೊಬ್ಬ ಎದುರಿಗೆ ನಿಂತಿದ್ದಾನೆ, ಕಲಿಯುವವರು ಸಾಲಾಗಿ ಕೂತಿದ್ದಾರೆ. ಪಾಠಕ್ಕೆ ಒಂದು ಆರಂಭವಿದೆ, ಒಂದು ಕೊನೆಯಿದೆ, ಕೊನೆಗೊಂದು ಪ್ರಮಾಣಪತ್ರವಿದೆ. ಬ್ಲೂಮಿಂಗ್ಟನ್‌ನಿಂದ ಸ್ಯಾನ್ ಹೊಸೆಯವರೆಗಿನ ಸ್ಮೆಡ್ಲಿಯ ಕ್ಲಬ್ಬುಗಳಲ್ಲಿ ಸದಸ್ಯರೇ ಮಾತಾಡುತ್ತಿದ್ದರು, ನಿಜ. ಆದರೆ ಅವನ್ನು ಹಿಡಿದು ನಿಲ್ಲಿಸಿದ್ದ ಬಲ ಸ್ಮೆಡ್ಲಿಯೇ. ಬಲ್ಲವನು ಹೊರಟುಹೋದರೆ ಉಳಿಯುವುದೇನು ಎಂಬುದಕ್ಕೆ ಆಗ ಅವರ ಬಳಿಯೂ ಉತ್ತರವಿರಲಿಲ್ಲ.

ಸ್ಯಾಂಟಾ ಆನಾದಲ್ಲಿ ಆ ಉತ್ತರ ಕಾಗದದ ರೂಪದಲ್ಲಿ ಬಂತು. ಸುತ್ತಲಿನ ಊರುಗಳವರು ಬಂದು ನೋಡಿ ತಮ್ಮಲ್ಲೂ ಇಂಥದ್ದು ಬೇಕೆಂದಾಗ ಪ್ರತಿಯೊಂದು ಊರಿಗೂ ಹೋಗಿ ಕೂರುವುದು ಸ್ಮೆಡ್ಲಿಗೆ ಸಾಧ್ಯವಿರಲಿಲ್ಲ. 1928ರ ಹೊತ್ತಿಗೆ ಅವರು ಕ್ಲಬ್ ನಡೆಸುವ ಕ್ರಮವನ್ನೂ ಭಾಷಣದ ಪಾಠಗಳನ್ನೂ ಕೈಪಿಡಿಗಳಾಗಿ ಬರೆದು ಹಕ್ಕುಸ್ವಾಮ್ಯ ಪಡೆದಿದ್ದರು. 1930ರಲ್ಲಿ ಕೆನಡಾದ ನ್ಯೂ ವೆಸ್ಟ್‌ಮಿನ್‌ಸ್ಟರ್ ಊರಿನಲ್ಲಿ ಕ್ಲಬ್ ಶುರುವಾದಾಗ ಸಂಸ್ಥೆಯ ಹೆಸರಿಗೆ 'ಇಂಟರ್‌ನ್ಯಾಷನಲ್' ಸೇರಿತು. 1932ರ ಡಿಸೆಂಬರಿನಲ್ಲಿ ಅದು ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ ನೋಂದಣಿಯಾಯಿತು. ಕೈಪಿಡಿ ಅಂಚೆಯಲ್ಲಿ ಹೋಗುವಂಥದ್ದು. ಅದು ತಲುಪಿದಲ್ಲಿ ಸ್ಮೆಡ್ಲಿಯ ಮುಖವನ್ನೇ ನೋಡದವರೂ ಕ್ಲಬ್ ನಡೆಸಬಹುದಾಗಿತ್ತು. ಮುಂದೆ ಅದು ಹಲವು ಬಾರಿ ಪರಿಷ್ಕಾರಗೊಂಡಿತು. ನಮ್ಮಲ್ಲಿ ಹಳೆಯ ಸದಸ್ಯರು ಬಲ್ಲ ಕೈಪಿಡಿಯಲ್ಲಿ ಹತ್ತು ಭಾಷಣಗಳಿದ್ದವು. ಮೊದಲನೆಯದು ತನ್ನನ್ನು ತಾನು ಪರಿಚಯಿಸಿಕೊಳ್ಳುವ ನಾಲ್ಕರಿಂದ ಆರು ನಿಮಿಷದ 'ಐಸ್ ಬ್ರೇಕರ್'. ಆಮೇಲೆ ಭಾಷಣವನ್ನು ಅಚ್ಚುಕಟ್ಟಾಗಿ ಜೋಡಿಸುವುದು, ವಿಷಯಕ್ಕೆ ನೇರವಾಗಿ ಬರುವುದು, ಪದಗಳ ಆಯ್ಕೆ, ಮೈಯ ಚಲನೆ, ದನಿಯ ಏರಿಳಿತ, ವಿಷಯ ಸಂಗ್ರಹ, ಚಿತ್ರಪಟಗಳ ಬಳಕೆ, ಮನವೊಲಿಸುವುದು, ಕೊನೆಗೆ ಹುರಿದುಂಬಿಸುವುದು. ಈಚೆಗೆ 'ಪಾತ್‌ವೇಸ್' ಎಂಬ ಆನ್‌ಲೈನ್ ಪಠ್ಯಕ್ರಮ ಆ ಜಾಗಕ್ಕೆ ಬಂದಿದೆ. ಒಂದು ಸಲಕ್ಕೆ ಒಂದೇ ಗುಣವನ್ನು ಹಿಡಿದು ಅಭ್ಯಾಸ ಮಾಡಬೇಕು, ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೋಗಬಾರದು ಎಂಬುದೇ ಈ ಪಾಠಗಳ ಹಿಂದಿರುವ ವಿವೇಕ.

ಹಾಗಿದ್ದರೂ ಕೈಪಿಡಿಯೊಂದರಿಂದಲೇ ಭಾಷಣ ಬರುವುದಿಲ್ಲ. ಬರುವಂತಿದ್ದರೆ ಪುಸ್ತಕದಂಗಡಿಗಳಲ್ಲಿ ಸಾಲುಗಟ್ಟಿರುವ ಭಾಷಣಕಲೆಯ ಪುಸ್ತಕಗಳು ಈ ಹೊತ್ತಿಗೆ ಊರಿಗೆ ಹತ್ತು ವಾಗ್ಮಿಗಳನ್ನು ತಯಾರಿಸಿರುತ್ತಿದ್ದವು. ಮೇಷ್ಟರು ಬಿಟ್ಟುಹೋದ ಜಾಗವನ್ನು ನಿಜವಾಗಿ ತುಂಬಿದ್ದು ಕೇಳುಗರ ಕರ್ತವ್ಯ. ಒಂದು ಸಭೆಯ ಕಲಾಪವನ್ನು ಬಿಡಿಸಿ ನೋಡಿದರೆ ಇದು ತಿಳಿಯುತ್ತದೆ. ಒಂದು ಸಂಜೆ ಸಿದ್ಧಪಡಿಸಿಕೊಂಡು ಬಂದು ಭಾಷಣ ಮಾಡುವವರು ಸಾಮಾನ್ಯವಾಗಿ ಇಬ್ಬರು ಅಥವಾ ಮೂವರು. ಆಮೇಲಿನ ಆಶುಭಾಷಣದ ಭಾಗದಲ್ಲಿ ಇನ್ನು ಕೆಲವರು ಒಂದೆರಡು ನಿಮಿಷ ಮಾತಾಡುತ್ತಾರೆ. ಉಳಿದವರು ಕೇಳುಗರು. ಆದರೆ ಅವರಲ್ಲಿ ಬಹುಮಂದಿಯ ಕೈಯಲ್ಲಿ ಒಂದೊಂದು ಕೆಲಸವಿದೆ. ಒಬ್ಬರು ಹೊತ್ತು ನೋಡುತ್ತಾರೆ. ಏಳು ನಿಮಿಷದ ಭಾಷಣಕ್ಕೆ ಐದನೆಯ ನಿಮಿಷದಲ್ಲಿ ಹಸಿರು, ಆರಕ್ಕೆ ಹಳದಿ, ಏಳಕ್ಕೆ ಕೆಂಪು ತೋರಿಸುತ್ತಾರೆ. ಇನ್ನೊಬ್ಬರು 'ಅಂ', 'ಆಂ', 'ಅಂದರೆ' ಎಂದು ತಡವರಿಸಿದ್ದನ್ನು ಎಣಿಸುತ್ತಾರೆ. ಮತ್ತೊಬ್ಬರು ಭಾಷೆಯ ಸೊಗಸನ್ನೂ ತಪ್ಪನ್ನೂ ಗುರುತು ಹಾಕಿಕೊಳ್ಳುತ್ತಾರೆ. ಪ್ರತಿ ಭಾಷಣಕಾರನಿಗೂ ಮೊದಲೇ ನೇಮಿಸಿದ ಒಬ್ಬ ಮೌಲ್ಯಮಾಪಕರಿರುತ್ತಾರೆ. ಅವರು ಎದ್ದು ನಿಂತು ಎರಡು ಮೂರು ನಿಮಿಷಗಳಲ್ಲಿ ಯಾವುದು ತಲುಪಿತು, ಯಾವುದು ತಲುಪಲಿಲ್ಲ, ಮುಂದಿನ ಸಲ ಏನನ್ನು ಮಾಡಿ ನೋಡಬಹುದು ಎಂದು ಎಲ್ಲರೆದುರು ಹೇಳುತ್ತಾರೆ. ಕೊನೆಯಲ್ಲಿ ಆ ಮೌಲ್ಯಮಾಪಕರನ್ನೂ ತೂಗಿ ನೋಡುವ ಇನ್ನೊಬ್ಬರಿದ್ದಾರೆ. ಸರದಿ ತಿರುಗುವುದರಿಂದ ಒಬ್ಬ ಸದಸ್ಯ ತಾನು ಮಾತಾಡಿದ ಸಂಜೆಗಳಿಗಿಂತ ಎಷ್ಟೋ ಪಾಲು ಹೆಚ್ಚು ಸಂಜೆಗಳನ್ನು ಹೊಣೆಯಿಟ್ಟು ಕೇಳುವುದರಲ್ಲಿ ಕಳೆದಿರುತ್ತಾನೆ. ಗರಡಿಯಲ್ಲಿ ಕುಸ್ತಿ ಆಡುವವರ ಸುತ್ತ ನಿಂತವರೂ ಪೈಲ್ವಾನರೇ ಆಗಿದ್ದು, ಪಟ್ಟು ಎಲ್ಲಿ ಸಡಿಲಾಯಿತೆಂದು ಕಣ್ಣಲ್ಲೇ ಹಿಡಿಯುವಂತೆ ಇಲ್ಲಿಯೂ ಕಲಿಕೆ ಅಖಾಡದ ಅಂಚಿನಲ್ಲಿ ನಡೆಯುತ್ತದೆ. ಒಬ್ಬರ ಭಾಷಣದ ನಡುಭಾಗ ಸೊರಗಿದ್ದನ್ನು ಕಂಡು, ಅದು ಯಾಕೆ ಸೊರಗಿತೆಂದು ಬಾಯಿಬಿಟ್ಟು ಹೇಳಬೇಕಾದವನು ತನ್ನ ಮುಂದಿನ ಭಾಷಣವನ್ನು ಹಳೆಯ ರೀತಿಯಲ್ಲಿ ಬರೆಯಲಾರ.

ಸ್ಮೆಡ್ಲಿಗೆ ಸಭಾನಿಯಮಗಳ ಮೇಲಿದ್ದ ಪ್ರೀತಿಯನ್ನೂ ಇದರ ಜೊತೆಗಿಟ್ಟು ನೋಡಬೇಕು. 1876ರಲ್ಲಿ ಸಭಾನಡಾವಳಿಯ ಪ್ರಸಿದ್ಧ ನಿಯಮಗ್ರಂಥವನ್ನು ಪ್ರಕಟಿಸಿದ ಹೆನ್ರಿ ರಾಬರ್ಟ್ ಎಂಬ ಸೇನಾಧಿಕಾರಿಯ ಬಗ್ಗೆ ಅವರು ಒಂದು ಪುಸ್ತಕವನ್ನೇ ಬರೆದರು. ಯಾರು ಯಾವಾಗ ಮಾತಾಡಬೇಕು ಎಂಬ ನಿಯಮದ ಇನ್ನೊಂದು ಮುಖ, ಉಳಿದವರು ಯಾವಾಗ ಸುಮ್ಮನಿದ್ದು ಕೇಳಬೇಕು ಎಂಬುದು. ಕ್ಲಬ್ ನಡೆಸುವ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಕೆಲಸಗಳೂ ಸದಸ್ಯರ ನಡುವೆಯೇ ಕೈ ಬದಲಾಗುವಂತೆ ಮಾಡಿದ್ದು ಇದೇ ಚಿಂತನೆಯ ಮುಂದುವರಿಕೆ. ಯಾವ ಕುರ್ಚಿಯೂ ಒಬ್ಬರಿಗೆ ಅಂಟಿಕೊಳ್ಳಬಾರದು. 1965ರಲ್ಲಿ ಸ್ಮೆಡ್ಲಿ ತೀರಿಕೊಂಡಾಗ ಕ್ಲಬ್ಬುಗಳು ಸೊರಗಲಿಲ್ಲ. ಅವರ ಊರೂರಿನ ವರ್ಗಾವಣೆಗಳು ಕೇಳಿದ ಪ್ರಶ್ನೆಗೆ ಸಿಕ್ಕ ನಿಜವಾದ ಉತ್ತರ ಅದು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ತಾನೇ ಕಲಿಯುತ್ತಿರುವವನು ಇನ್ನೊಬ್ಬನನ್ನು ಹೇಗೆ ತಿದ್ದಿಯಾನು? ಸಂಗೀತದಲ್ಲಿ ಇಬ್ಬರು ಹೊಸಬರು ಒಬ್ಬರಿಗೊಬ್ಬರು ಪಾಠ ಹೇಳಿಕೊಂಡರೆ ಶ್ರುತಿ ತಪ್ಪಿದ್ದೇ ರೂಢಿಯಾಗುವ ಅಪಾಯವಿಲ್ಲವೇ? ಈ ಆಕ್ಷೇಪದ ಅರ್ಧ ನಿಜ. ಭಾಷಣದಲ್ಲಿ ಎರಡು ಬಗೆಯ ಗುಣದೋಷಗಳಿವೆ. ಹೇಳಿದ್ದು ತಲುಪಿತೇ ಎಂಬುದು ಒಂದು, ಹೇಳಿದ್ದು ಸರಿಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕೇಳುಗನೇ ಕೊನೆಯ ನ್ಯಾಯಾಧೀಶ. ಎರಡನೆಯ ನಿಮಿಷದಲ್ಲಿ ಎಳೆ ಕೈತಪ್ಪಿತು, ಕೊನೆಯ ಸಾಲು ಕೇಳಿಸಲಿಲ್ಲ, ಬಲಗಡೆ ಕೂತಿದ್ದ ನಮ್ಮತ್ತ ನೀವು ನೋಡಲೇ ಇಲ್ಲ ಎಂದು ಹೇಳಲು ಪಂಡಿತನಾಗಬೇಕಿಲ್ಲ, ಗಮನವಿಟ್ಟು ಕೂತಿದ್ದರೆ ಸಾಕು. ಪರಿಣತ ಮೇಷ್ಟರಿಗಿಂತ ಸಾಮಾನ್ಯ ಕೇಳುಗ ಇಲ್ಲಿ ಒಂದು ಕೈ ಮೇಲೆಂದೇ ಹೇಳಬಹುದು, ಏಕೆಂದರೆ ಮೇಷ್ಟರಿಗೆ ಅರ್ಧ ಹೇಳಿದರೂ ಪೂರ್ತಿ ಅರ್ಥವಾಗಿಬಿಡುತ್ತದೆ. ಎರಡನೆಯ ಬಗೆಯ ದೋಷವನ್ನು ಮಾತ್ರ ಈ ವ್ಯವಸ್ಥೆ ಹಿಡಿಯಲಾರದು. ತಪ್ಪು ಅಂಕಿ ಅಂಶ, ಜಾಳು ತರ್ಕ, ಅರೆಬೆಂದ ವಿಚಾರ ಇವು ದನಿಯ ಏರಿಳಿತ ಚೆನ್ನಾಗಿದ್ದರೆ ಕ್ಲಬ್ಬಿನಲ್ಲಿ ಚಪ್ಪಾಳೆಯನ್ನೇ ಪಡೆಯಬಹುದು. ಮೌಲ್ಯಮಾಪಕರಿಗೆ ಭಾಷಣದ ವಿಷಯದ ಬಗ್ಗೆ ವಾದ ಹೂಡದಿರುವ ಸಂಕೋಚ ರೂಢಿಯಾಗಿರುತ್ತದೆ. ಮೊದಲು ಮೆಚ್ಚುಗೆ, ನಡುವೆ ತಿದ್ದುಪಡಿ, ಕೊನೆಗೆ ಮತ್ತೆ ಮೆಚ್ಚುಗೆ ಎಂಬ ಸೂತ್ರವನ್ನು ಹಿಡಿದವರಲ್ಲಿ ತಿದ್ದುಪಡಿ ತೆಳುವಾಗುತ್ತ ಹೋಗುವುದೂ ಉಂಟು. ಹೊಸಬರ ಸಭಾಕಂಪ ಕಳೆಯಲು ಆ ಸೂತ್ರ ಬೇಕು, ಒಪ್ಪೋಣ. ಐದಾರು ವರ್ಷ ಕಳೆದವರಿಗೂ ಅದೇ ಸಿಹಿಯನ್ನು ಬಡಿಸುತ್ತ ಹೋಗುವುದು ಅವರಿಗೆ ಮಾಡುವ ಅನ್ಯಾಯ.

ಸ್ಪರ್ಧೆಗಳ ವಿಷಯದಲ್ಲಿ ನನ್ನ ಅಸಮಾಧಾನ ಇನ್ನೂ ಹೆಚ್ಚು. 1938ರಲ್ಲಿ ಆರಂಭವಾದ ಭಾಷಣ ಸ್ಪರ್ಧೆ ಬೆಳೆದು ಇಂದು 'ವರ್ಲ್ಡ್ ಚಾಂಪಿಯನ್‌ಶಿಪ್ ಆಫ್ ಪಬ್ಲಿಕ್ ಸ್ಪೀಕಿಂಗ್' ಆಗಿದೆ. ಅದರಿಂದ ಒಳ್ಳೆಯದಾಗಿಲ್ಲ ಎನ್ನಲಾಗದು. 2014ರಲ್ಲಿ ಶ್ರೀಲಂಕಾದ ಧನಂಜಯ ಹೆಟ್ಟಿಯಾರಚ್ಚಿ, 2015ರಲ್ಲಿ ಬಾಲ್ಯದ ತೊದಲನ್ನು ಗೆದ್ದು ಬಂದ ಸೌದಿ ಅರೇಬಿಯಾದ ಮೊಹಮ್ಮದ್ ಖಹ್ತಾನಿ ಆ ಪದವಿ ಪಡೆದಾಗ, ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೂ ಈ ವೇದಿಕೆ ತೆರೆದಿದೆ ಎಂಬುದು ಜಗತ್ತಿಗೆ ಕಾಣಿಸಿತು. ಆದರೆ ಗೆದ್ದ ಭಾಷಣಗಳ ವಿಡಿಯೊಗಳನ್ನು ನೋಡಿ ನೋಡಿ ಒಂದು ಅಚ್ಚು ಸಿದ್ಧವಾಗಿದೆ. ಆರಂಭದಲ್ಲೊಂದು ಚಮತ್ಕಾರ, ನಡುವೆ ಮನೆಯ ದುಃಖದ ಕಥೆ, ಅಲ್ಲಲ್ಲಿ ನಗು, ಏಳನೆಯ ನಿಮಿಷಕ್ಕೆ ಒಂದು ನೀತಿ. ಕ್ಲಬ್ಬಿನ ಸಾಮಾನ್ಯ ಸಂಜೆಯಲ್ಲಿ ಕೇಳುಗ ಭಾಷಣಕಾರನ ಬೆಳವಣಿಗೆಗಾಗಿ ಕೇಳುತ್ತಾನೆ. ಸ್ಪರ್ಧೆಯಲ್ಲಿ ಅಂಕಕ್ಕಾಗಿ ಕೇಳುತ್ತಾನೆ. ಎರಡೂ ಒಂದೇ ಸಂಸ್ಥೆಯೊಳಗಿವೆ, ಒಂದರ ಗುಣ ಇನ್ನೊಂದಕ್ಕಿಲ್ಲ. ಸಂಸ್ಥೆಯ ಪ್ರಚಾರದಲ್ಲಿ ಸ್ಪರ್ಧೆ ಮುಂದೆ ನಿಲ್ಲುತ್ತದೆ, ಅದರ ನಿಜವಾದ ಕೊಡುಗೆಯಾದ ಮೌಲ್ಯಮಾಪನ ಹಿಂದೆ ಸರಿಯುತ್ತದೆ. ಮೊದಲ ಬಾರಿಗೆ ಬಂದವರು ತಾವೂ ಹಾಗೆ ಹೊಳೆಯಬೇಕೆಂದು ಹಂಬಲಿಸಿ ಬರುತ್ತಾರೆ. ಅವರನ್ನು ಕೇಳುವ ಕೆಲಸಕ್ಕೆ ಒಗ್ಗಿಸುವುದೇ ಕ್ಲಬ್ಬಿನ ಹಿರಿಯರಿಗೆ ಕಷ್ಟವಾಗುತ್ತದೆ.

ಕಲಿಕೆ ಕೇಳುಗರಿಂದ ಬರುವುದಾದರೆ ಸಭಾಂಗಣದಲ್ಲಿ ಯಾರು ಕೂತಿದ್ದಾರೆ ಎಂಬುದು ಪಠ್ಯಕ್ರಮಕ್ಕಿಂತ ದೊಡ್ಡ ಪ್ರಶ್ನೆ. ಈ ಅಳತೆಯಲ್ಲಿ ಸಂಸ್ಥೆಯ ಮೊದಲ ಅರ್ಧ ಶತಮಾನ ಒಂದು ದೊಡ್ಡ ಕೊರತೆಯನ್ನು ಹೊತ್ತು ನಡೆಯಿತು. 1973ರವರೆಗೆ ನಿಯಮದ ಪ್ರಕಾರ ಮಹಿಳೆಯರಿಗೆ ಅಲ್ಲಿ ಸದಸ್ಯತ್ವವಿರಲಿಲ್ಲ. 1938ರಲ್ಲಿ ಅರ್ನೆಸ್ಟೀನ್ ವೈಟ್ ಎಂಬವರು ಟೋಸ್ಟ್‌ಮಿಸ್ಟ್ರೆಸ್ ಎಂಬ ಹೆಸರಿನಲ್ಲಿ ಪ್ರತ್ಯೇಕ ಸಂಸ್ಥೆ ಕಟ್ಟಿದ್ದರು. 1970ರಲ್ಲಿ ಹೆಲೆನ್ ಬ್ಲಾಂಚರ್ಡ್ ಎಂಬ ಮಹಿಳೆಯನ್ನು ಸದಸ್ಯೆಯಾಗಿ ಮಾಡಿಕೊಳ್ಳಲು ಸ್ಯಾನ್ ಡಿಯಾಗೋದ ಕ್ಲಬ್ಬೊಂದು ಕೇಂದ್ರಕ್ಕೆ ಕಳಿಸಿದ ಕಾಗದದಲ್ಲಿ ಅವರ ಹೆಸರನ್ನು 'ಹೋಮರ್' ಎಂಬ ಗಂಡು ಹೆಸರಾಗಿ ಬರೆಯಬೇಕಾಯಿತು. ಅದೇ ಹೆಲೆನ್ 1985ರಲ್ಲಿ ಸಂಸ್ಥೆಯ ಮೊದಲ ಮಹಿಳಾ ಅಂತರರಾಷ್ಟ್ರೀಯ ಅಧ್ಯಕ್ಷರಾದರು. ಇದನ್ನು ಸಂಸ್ಥೆ ಇಂದು ಅಭಿಮಾನದಿಂದ ಹೇಳಿಕೊಳ್ಳುತ್ತದೆ, ಹೇಳಿಕೊಳ್ಳಲಿ. ಜೊತೆಗೆ, ಗಂಡಸರು ಗಂಡಸರಿಗಾಗಿಯೇ ಮಾತಾಡಿ, ಗಂಡಸರಿಂದಲೇ ತಿದ್ದಿಸಿಕೊಂಡ ಐವತ್ತು ವರ್ಷಗಳಲ್ಲಿ ಆ ಭಾಷಣಗಳು ಅರ್ಧ ಜಗತ್ತಿಗೆ ತಲುಪುತ್ತಿದ್ದವೋ ಇಲ್ಲವೋ ಎಂದು ಹೇಳುವವರು ಯಾರೂ ಅಲ್ಲಿರಲಿಲ್ಲ ಎಂಬುದನ್ನೂ ನೆನಪಿಡಬೇಕು. ಬಾಗಿಲು ತೆರೆದಾಗಲೆಲ್ಲ ಸಂಸ್ಥೆಗೆ ಲಾಭವೇ ಆಗಿದೆ. ಅಮೆರಿಕದ ಸೆರೆಮನೆಗಳಲ್ಲಿ ಕೈದಿಗಳು ನಡೆಸುವ ಕ್ಲಬ್ಬುಗಳಿವೆ, ಹದಿನೆಂಟು ತುಂಬದವರಿಗಾಗಿ 'ಗ್ಯಾವೆಲ್' ಕ್ಲಬ್ಬುಗಳಿವೆ. ತನ್ನ ಮಾತನ್ನು ಯಾರೂ ಕಿವಿಗೊಟ್ಟು ಕೇಳಿಲ್ಲವೆಂಬ ನೋವು ಇರುವ ಕಡೆ ಈ ಕ್ರಮ ತುಂಬ ಚೆನ್ನಾಗಿ ಬೇರೂರುತ್ತದೆ.

ಬೆಂಗಳೂರಿನ ಮಟ್ಟಿಗೆ ಇದೇ ಪ್ರಶ್ನೆಯನ್ನು ಬೇರೆ ರೂಪದಲ್ಲಿ ಕೇಳಬೇಕಾಗುತ್ತದೆ. ಇಲ್ಲಿನ ಐಟಿ ಕಂಪನಿಗಳ ಕಟ್ಟಡಗಳಲ್ಲಿ ಈ ಕ್ಲಬ್ಬುಗಳು ಹೇರಳ. 2019ರಲ್ಲಿ ಭಾರತದವರೇ ಆದ ದೀಪಕ್ ಮೆನನ್ ಸಂಸ್ಥೆಯ ಅಂತರರಾಷ್ಟ್ರೀಯ ಅಧ್ಯಕ್ಷರಾದರು. ಆದರೆ ನಮ್ಮಲ್ಲಿನ ಬಹುಪಾಲು ಸಭೆಗಳು ನಡೆಯುವುದು ಇಂಗ್ಲಿಷಿನಲ್ಲಿ, ಚಂದಾ ನಿಗದಿಯಾಗುವುದು ಡಾಲರಿನಲ್ಲಿ. ಬಡ್ತಿಗಾಗಿ ಇಂಗ್ಲಿಷ್ ರೂಢಿಸಿಕೊಳ್ಳುವವರ ಅಡ್ಡೆ ಎಂಬ ಟೀಕೆ ಬರುವುದು ಇದರಿಂದಲೇ. ಟೀಕೆಯಲ್ಲಿ ಹುರುಳಿದೆ. ಹಳ್ಳಿಯಿಂದ ಬಂದ ಎಂಜಿನಿಯರ್ ಒಬ್ಬರ ನಾಲಿಗೆಗೆ ಅಲ್ಲಿ ಬಿಡುಗಡೆ ಸಿಗುವುದಾದರೆ ಅದನ್ನು ಕೀಳಾಗಿ ಕಾಣುವುದು ಸರಿಯಲ್ಲ ಎಂಬುದೂ ಅಷ್ಟೇ ನಿಜ. ಕನ್ನಡದಲ್ಲಿ ಸಭೆ ನಡೆಸುವ ಪ್ರಯತ್ನಗಳೂ ಆಗಿವೆ, ಅವು ಹೆಚ್ಚಬೇಕು. ಇನ್ನು ಕೆಲವರು ಕೇಳುವುದು ಬೇರೆ: ನಮಗೆ ತಾಳಮದ್ದಳೆಯಂಥ ಪರಂಪರೆ ಇರುವಾಗ ಅಮೆರಿಕದ ಕ್ಲಬ್ ಯಾಕೆ? ಕರಾವಳಿಯ ತಾಳಮದ್ದಳೆಯನ್ನು ಬಲ್ಲವರಿಗೆ ಈ ಪ್ರಶ್ನೆ ಹಗುರವೆನಿಸದು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಬೆಳೆದದ್ದು ಎದುರು ಕೂತ ಅರ್ಥಧಾರಿಯ ಮಾತಿಗೆ ಆ ಕ್ಷಣದಲ್ಲೇ ಉತ್ತರ ಕೊಡಬೇಕಾದ ಕಣದಲ್ಲಿ. ಅಲ್ಲಿಯೂ ತರಗತಿಯಿಲ್ಲ, ವರ್ಷಗಟ್ಟಲೆ ಹಿರಿಯರನ್ನು ಕೇಳಿಯೇ ಕಲಿಯಬೇಕು. ತಪ್ಪು ಹಿಡಿಯುವ ಪ್ರೇಕ್ಷಕರಿಗೂ ಅಲ್ಲಿ ಕೊರತೆಯಿಲ್ಲ. ಕೇಳುವುದರಿಂದ ಮಾತು ಬರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ನಮಗೆ ಬೇಕಿಲ್ಲ. ಆದರೆ ತಾಳಮದ್ದಳೆ ಬೇಡುವುದು ಪುರಾಣದ ಪರಿಚಯ, ಸಂಸ್ಕೃತ ಕನ್ನಡಗಳ ಹಿಡಿತ, ಹುಟ್ಟಿನಿಂದ ಬಂದ ಒಂದು ಚುರುಕು. ಅದು ಪ್ರತಿಭಾವಂತರ ಕಲೆ. ಗ್ರಾಮಸಭೆಯಲ್ಲಿ ನೀರಿನ ತೊಂದರೆಯನ್ನು ಎದ್ದು ಹೇಳಲಾರದೆ ಸೆರಗಿನ ತುದಿ ಹಿಡಿದು ಕೂರುವ ಸದಸ್ಯೆಗೆ ಬೇಕಾದದ್ದು ಬೇರೆ: ಸಾಧಾರಣರು ಸಾಧಾರಣರ ನೆರವಿನಿಂದಲೇ ಕಲಿಯಬಹುದಾದ ಒಂದು ಕ್ರಮ. ಸ್ಮೆಡ್ಲಿ ಕಟ್ಟಿಕೊಟ್ಟದ್ದು ಅಂಥದ್ದು. ಅದರ ಬಳಕೆಗೆ ಇಂಗ್ಲಿಷಾಗಲಿ, ಡಾಲರಾಗಲಿ, ಆ ಸಂಸ್ಥೆಯ ಹೆಸರಾಗಲಿ ಬೇಕಿಲ್ಲ.

ಕೋವಿಡ್‌ಗೆ ಮೊದಲಿನ ವರ್ಷಗಳಲ್ಲಿ ಜಗತ್ತಿನಾದ್ಯಂತ ಮೂರೂವರೆ ಲಕ್ಷ ದಾಟಿದ್ದ ಸದಸ್ಯರ ಸಂಖ್ಯೆ ಆಮೇಲೆ ಮೂರು ಲಕ್ಷದ ಒಳಗೆ ಇಳಿಯಿತು. ಸಂಸ್ಥೆ ಬೆಳೆಯುವುದೋ ಸೊರಗುವುದೋ ಮುಂದಿನ ಮಾತು. ಅದರ ಕ್ರಮ ಮಾತ್ರ ನಮ್ಮ ಶಾಲೆಗಳಿಗೆ ಇಂದೇ ಬೇಕು. ನಮ್ಮ ಪ್ರತಿಭಾ ಕಾರಂಜಿಯಲ್ಲಿ ಆಶುಭಾಷಣ, ಚರ್ಚಾಸ್ಪರ್ಧೆಗಳಿವೆ. ಮಗು ಮಾತಾಡುತ್ತದೆ, ತೀರ್ಪುಗಾರರು ಹಾಳೆಯಲ್ಲಿ ಅಂಕ ಬರೆಯುತ್ತಾರೆ, ಮೂವರಿಗೆ ಬಹುಮಾನ ಸಿಗುತ್ತದೆ. ಉಳಿದ ಮಕ್ಕಳು ತಮ್ಮ ಮಾತಿನಲ್ಲಿ ಏನು ಚೆನ್ನಾಗಿತ್ತು, ಏನು ಕೆಟ್ಟಿತು ಎಂದು ಯಾರಿಂದಲೂ ಕೇಳದೆ ಮನೆಗೆ ಹೋಗುತ್ತಾರೆ. ಮುಂದಿನ ಸಾಲಿನ ಸ್ಪರ್ಧೆಗಳಲ್ಲಿ ತೀರ್ಪುಗಾರರಾಗಿ ಕೂರುವ ಶಿಕ್ಷಕರಲ್ಲಿ ಒಂದು ಕೋರಿಕೆ: ಅಂಕಪಟ್ಟಿ ಒಪ್ಪಿಸಿದ ಮೇಲೆ ಪ್ರತಿ ಮಗುವಿಗೂ ಎರಡು ನಿಮಿಷ ಕೊಡಿ, ನಿಮಗೆ ತಲುಪಿದ್ದೇನು, ತಲುಪದ್ದೇನು ಎಂದು ಹೇಳಿ. ನಿಮ್ಮ ತರಗತಿಗೆ ಮರಳಿದ ಮೇಲೆ ಆ ಎರಡು ನಿಮಿಷದ ಕೆಲಸವನ್ನು ಮಕ್ಕಳ ಕೈಗೇ ಒಪ್ಪಿಸಿ.